ಪ್ರೀಮಿಯರ್‌ನಲ್ಲಿ ಕಟ್ ಮಾಡಿದ ಪ್ರಾಜೆಕ್ಟನ್ನು ರಿಸಾಲ್ವ್‌ಗೆ ಸಾಗಿಸುವುದು ಹೇಗೆ

ಎಡಿಟ್ ಮುಗಿದಿದೆ. ನಿರ್ದೇಶಕರು ಕಟ್ ಒಪ್ಪಿದ್ದಾರೆ. ಕಲರ್ ಮಾಡುವವರು, ಅಂದರೆ ಚಿತ್ರದ ಬಣ್ಣ ತಿದ್ದುವವರು, ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್ ಬಳಸುತ್ತಾರೆ, ಸೌಂಡ್ ಮಾಡುವವರು ಪ್ರೋ ಟೂಲ್ಸ್ ಬಳಸುತ್ತಾರೆ, ನೀವು ಕಟ್ ಮಾಡಿದ್ದು ಪ್ರೀಮಿಯರ್ ಪ್ರೋದಲ್ಲಿ. ನಿಮ್ಮ ಪ್ರಾಜೆಕ್ಟ್ ಫೈಲನ್ನು ಹಾಗೇ ಕೊಟ್ಟರೆ ಅವರ ಹತ್ತಿರ ಅದು ತೆರೆಯುವುದಿಲ್ಲ. ಈಗ ಏನು ಮಾಡಬೇಕು ಅನ್ನುವುದನ್ನು, ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ನಾನು ಇದನ್ನು ಕಲಿತದ್ದು ಒಂದು ಯಕ್ಷಗಾನದ ಸಾಕ್ಷ್ಯಚಿತ್ರದ ಕೆಲಸದಲ್ಲಿ. ಚಿತ್ರ 22 ನಿಮಿಷದ್ದು. ಆದರೆ ಫುಟೇಜ್ ಇಡೀ ರಾತ್ರಿಯ ಬಯಲಾಟದ್ದು, ಮೂರು ಕ್ಯಾಮೆರಾ, ಜೊತೆಗೆ ಒಂದು ಮೊಬೈಲ್. ಮೊದಲ ಸಲ ಸಾಗಿಸಿದಾಗ ರಿಸಾಲ್ವ್‌ನಲ್ಲಿ ಟೈಮ್‌ಲೈನ್ (ಶಾಟ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ) ತೆರೆಯಿತು, ಕ್ಲಿಪ್‌ಗಳೆಲ್ಲ ಕಂಡವು, ಸರಿಯಾಗಿ ಬಂದಿದೆ ಅಂತ ಕಲರ್ ಕೆಲಸ ಶುರು ಮಾಡಿಬಿಟ್ಟೆವು. ಎರಡು ದಿನ ಆದ ಮೇಲೆ ಗಮನಕ್ಕೆ ಬಂತು: ವೇಷಧಾರಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕನ್ನಡಿ ಮುಂದೆ ಕೂತು ಮುಖಕ್ಕೆ ಬಣ್ಣ ಹಚ್ಚುವ ಶಾಟ್ ಇರಬೇಕಾದ ಕಡೆ, ಅದೇ ಹೆಸರಿನ ಇನ್ನೊಂದು ಕ್ಯಾಮೆರಾದ ಕ್ಲಿಪ್ ಬಂದು ಕೂತಿದೆ. ಮುಂದೆ ಹೋದರೆ ಚೆಂಡೆಯ ಕೋಲು ಬೀಳುವುದು ಒಂದು ಕಡೆ, ಸದ್ದು ಬರುವುದು ಇನ್ನೊಂದು ಕಡೆ. ಎರಡು ದಿನದ ಕೆಲಸ ಮತ್ತೆ ಮೊದಲಿಂದ ಮಾಡಬೇಕಾಯಿತು. ತಪ್ಪು ಯಾವ ಸಾಫ್ಟ್‌ವೇರ್‌ನದ್ದೂ ಅಲ್ಲ, ಕಳಿಸುವ ಮುಂಚೆ ಮಾಡಬೇಕಾದ ತಯಾರಿಯನ್ನು ನಾವು ಮಾಡಿರಲಿಲ್ಲ, ಬಂದ ಮೇಲೆ ಹೋಲಿಸಿಯೂ ನೋಡಿರಲಿಲ್ಲ.

ನಿಜವಾಗಿ ಸಾಗುವುದು ಏನು

ಮದುವೆ ಮನೆಗೆ ಅಡುಗೆಯವರು ಸಾಮಾನಿನ ಚೀಟಿ ಬರೆದುಕೊಡುತ್ತಾರಲ್ಲ, ಅಕ್ಕಿ ಇಷ್ಟು, ಬೇಳೆ ಇಷ್ಟು, ಬೆಲ್ಲ ಇಷ್ಟು ಅಂತ. ಚೀಟಿಯೊಳಗೆ ಅಕ್ಕಿ ಇರುವುದಿಲ್ಲ. ಒಂದು ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವುದೂ ಇಂಥ ಚೀಟಿಯೇ. ಯಾವ ಫೈಲು, ಅದರಲ್ಲಿ ಎಲ್ಲಿಂದ ಎಲ್ಲಿಯವರೆಗೆ, ಟೈಮ್‌ಲೈನ್‌ನಲ್ಲಿ ಅದರ ಜಾಗ ಎಲ್ಲಿ, ಇಷ್ಟು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಈ ಚೀಟಿಗಳಲ್ಲಿ ಅತಿ ಹಳೆಯದು ಇಡಿಎಲ್, ಅಂದರೆ ಎಡಿಟ್ ಡಿಸಿಷನ್ ಲಿಸ್ಟ್. ಟೇಪ್ ಕಾಲದ್ದು. ಅಮೆರಿಕದಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ 1971ರಲ್ಲಿ ಕಟ್ಟಿದ ಸಿಎಂಎಕ್ಸ್ ಕಂಪನಿಯ ಹೆಸರು ಇವತ್ತಿಗೂ ಅದಕ್ಕೆ ಅಂಟಿಕೊಂಡಿದೆ, ಸಾಫ್ಟ್‌ವೇರ್ ಮೆನುಗಳಲ್ಲಿ ಸಿಎಂಎಕ್ಸ್ 3600 ಅಂತ ಕಾಣುವುದು ಅದೇ. ಇಡಿಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಂದು ಸಾಲು ಹೀಗಿರುತ್ತದೆ, ಅಕ್ಷರಗಳು ಮಾತ್ರ ಇಂಗ್ಲಿಷಿನಲ್ಲಿ:

001 ಎ001 ವಿ ಸಿ 00:04:12:05 00:04:15:10 01:00:00:00 01:00:03:05

001 ಅಂದರೆ ಮೊದಲ ಕಟ್. ಎ001 ಅನ್ನುವುದು ರೀಲ್ ಹೆಸರು, ಅಂದರೆ ಶಾಟ್ ಇರುವ ಟೇಪ್ ಅಥವಾ ಕಾರ್ಡಿನ ಗುರುತು. ವಿ ಅಂದರೆ ವಿಡಿಯೋ, ಸಿ ಅಂದರೆ ನೇರ ಕಟ್, ಒಂದು ಶಾಟ್ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಅಲ್ಲ. ಆಮೇಲಿನವು ಟೈಮ್‌ಕೋಡ್, ಅಂದರೆ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ಅವುಗಳಲ್ಲಿ ಮೊದಲ ಎರಡು ಮೂಲ ಕ್ಲಿಪ್‌ನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು. ಕೊನೆಯ ಎರಡು, ಟೈಮ್‌ಲೈನ್‌ನಲ್ಲಿ ಅದರ ಜಾಗ. ಲೆಕ್ಕ ಹಾಕಿ ನೋಡಿ, ಎರಡೂ ಕಡೆ 3 ಸೆಕೆಂಡ್ 5 ಫ್ರೇಮ್ ಬರುತ್ತದೆ. ಒಂದು ಸಲ ಇದನ್ನು ಕಣ್ಣಾರೆ ಓದಿ. ಇದರಲ್ಲಿ ನಿಮ್ಮ ಕಲರ್ ಇಲ್ಲ, ಟೈಟಲ್ ಇಲ್ಲ, ಎಫೆಕ್ಟ್ ಇಲ್ಲ ಅನ್ನುವುದು ಆಗ ತಾನಾಗೇ ಗೊತ್ತಾಗುತ್ತದೆ.

ಇಡಿಎಲ್‌ಗೆ ಮಿತಿಗಳು ಜಾಸ್ತಿ. ಒಂದೇ ವಿಡಿಯೋ ಟ್ರ್ಯಾಕ್, ಹೆಚ್ಚೆಂದರೆ 999 ಕಟ್, ರೀಲ್ ಹೆಸರಿಗೆ 8 ಅಕ್ಷರ. ಹಾಗಾಗಿ ನಾವು ಸಾಮಾನ್ಯವಾಗಿ ಬಳಸುವುದು ಎಕ್ಸ್‌ಎಂಎಲ್. ಇದರಲ್ಲಿ ಎಷ್ಟು ಟ್ರ್ಯಾಕ್ ಇದ್ದರೂ ಹೋಗುತ್ತದೆ, ಸ್ಕೇಲ್, ಪೊಸಿಷನ್, ಒಪಾಸಿಟಿ, ಸರಳ ಸ್ಪೀಡ್ ಬದಲಾವಣೆ, ಕ್ರಾಸ್ ಡಿಸಾಲ್ವ್ ಇವೂ ಹೋಗುತ್ತವೆ.

ಎಕ್ಸ್‌ಎಂಎಲ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಫಾರ್ಮ್ಯಾಟ್ ಇವೆ. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರೀಮಿಯರ್‌ನ ಮೆನುವಿನಲ್ಲಿ ಫೈನಲ್ ಕಟ್ ಪ್ರೋ ಎಕ್ಸ್‌ಎಂಎಲ್ ಅಂತ ಬರೆದಿದೆ, ಆದರೆ ಅದು ಹಳೆಯ ಫೈನಲ್ ಕಟ್ 7ರ ಕಾಲದ ಫಾರ್ಮ್ಯಾಟ್. 2011ರಲ್ಲಿ ಆಪಲ್ ಫೈನಲ್ ಕಟ್ ಪ್ರೋವನ್ನು ಪೂರ್ತಿ ಹೊಸದಾಗಿ ಬರೆದು ಹೊರತಂದಾಗ, ಹಳೆಯ ಪ್ರಾಜೆಕ್ಟ್‌ಗಳು ಹೊಸದರಲ್ಲಿ ತೆರೆಯಲೇ ಇಲ್ಲ. ಹೊಸದಕ್ಕೆ ಎಫ್‌ಸಿಪಿಎಕ್ಸ್‌ಎಂಎಲ್ ಅನ್ನುವ ಬೇರೆಯೇ ಫಾರ್ಮ್ಯಾಟ್ ಬಂತು. ಹಾಗಾಗಿ ಪ್ರೀಮಿಯರ್‌ನ ಎಕ್ಸ್‌ಎಂಎಲ್ ಇವತ್ತಿನ ಫೈನಲ್ ಕಟ್‌ನಲ್ಲಿ ನೇರವಾಗಿ ಹೋಗುವುದಿಲ್ಲ. ರಿಸಾಲ್ವ್ ಮಾತ್ರ ಎರಡನ್ನೂ ಓದುತ್ತದೆ, ಎರಡನ್ನೂ ಬರೆಯುತ್ತದೆ, ಅದೂ ಉಚಿತ ಆವೃತ್ತಿಯಲ್ಲೇ. ನಿಮ್ಮ ದಾರಿ ಪ್ರೀಮಿಯರ್‌ನಿಂದ ಫೈನಲ್ ಕಟ್‌ಗೇ ಆಗಿದ್ದರೂ ರಿಸಾಲ್ವನ್ನು ಮಧ್ಯದ ಸೇತುವೆ ಮಾಡಿಕೊಳ್ಳಬಹುದು.

ಸೌಂಡ್‌ಗೆ ಎಎಎಫ್ ಅನ್ನುವ ಇನ್ನೊಂದು ಫಾರ್ಮ್ಯಾಟ್. ಅದರ ಮಾತು ಆಮೇಲೆ. ಓಟಿಐಓ ಅನ್ನುವ ಹೊಸ ಫಾರ್ಮ್ಯಾಟ್ ಕೂಡ ಇದೆ, ಪಿಕ್ಸಾರ್‌ನಲ್ಲಿ ಹುಟ್ಟಿದ್ದು, ಈಗ ಮುಕ್ತವಾಗಿ ಬೆಳೆಯುತ್ತಿದೆ, ರಿಸಾಲ್ವ್ ಅದನ್ನೂ ಓದುತ್ತದೆ. ನನ್ನ ಕೆಲಸ ಇನ್ನೂ ಎಕ್ಸ್‌ಎಂಎಲ್‌ನಲ್ಲೇ ನಡೆಯುತ್ತಿದೆ, ಆದ್ದರಿಂದ ಇಲ್ಲಿ ಹೇಳುವುದು ಅದನ್ನೇ.

ಕಳಿಸುವ ಮುಂಚೆ: ಇಲ್ಲೇ ಹೆಚ್ಚು ಸಮಯ ಕೊಡಿ

ಮೊದಲು ಸೀಕ್ವೆನ್ಸ್‌ನ (ಪ್ರೀಮಿಯರ್‌ನಲ್ಲಿ ಟೈಮ್‌ಲೈನ್‌ಗೆ ಇರುವ ಹೆಸರು) ಒಂದು ಕಾಪಿ ಮಾಡಿ. ಹೆಸರಿನ ಕೊನೆಗೆ ಕಲರ್‌ಗೆ ಅಂತ ಗೊತ್ತಾಗುವ ಹಾಗೆ ಏನಾದರೂ ಸೇರಿಸಿ. ಇನ್ನು ಮುಂದೆ ಮಾಡುವುದೆಲ್ಲ ಈ ಕಾಪಿಯಲ್ಲೇ, ಮೂಲ ಸೀಕ್ವೆನ್ಸನ್ನು ಮುಟ್ಟಬೇಡಿ.

ಇನ್ನೊಂದು ಮಾತು, ಕಟ್ ಪೂರ್ತಿ ಲಾಕ್ ಆಗದೆ ಕಳಿಸಲೇಬೇಡಿ. ಒಂದೆರಡು ಶಾಟ್ ತಾನೆ, ಆಮೇಲೆ ಬದಲಿಸೋಣ ಅಂತ ನಿರ್ದೇಶಕರು ಹೇಳುತ್ತಾರೆ, ಆದರೆ ಆ ಒಂದೆರಡು ಶಾಟ್ ಬದಲಾದರೆ ಕಲರ್, ಸೌಂಡ್, ಸಬ್‌ಟೈಟಲ್ ಮೂರೂ ಕಡೆ ಎಲ್ಲ ಸರಿಸಬೇಕಾಗುತ್ತದೆ. ಒಂದು ದಿನ ಕಾದರೂ ಪರವಾಗಿಲ್ಲ.

ಈಗ ಕಾಪಿಯಲ್ಲಿ ಟ್ರ್ಯಾಕ್‌ಗಳನ್ನು ಕೆಳಗಿಳಿಸಿ. ಎಡಿಟ್ ಮಾಡುವಾಗ ಎಲ್ಲರೂ ಶಾಟ್ ಮೇಲೆ ಶಾಟ್ ಪೇರಿಸಿರುತ್ತೇವೆ. ಅಡಿಯಲ್ಲಿ ಮುಚ್ಚಿಹೋದ ಕ್ಲಿಪ್, ಆಫ್ ಮಾಡಿಟ್ಟ ಕ್ಲಿಪ್, ಖಾಲಿ ಟ್ರ್ಯಾಕ್ ಎಲ್ಲ ತೆಗೆದುಹಾಕಿ. ಪ್ರೀಮಿಯರ್‌ನ ಸೀಕ್ವೆನ್ಸ್ ಮೆನುವಿನಲ್ಲಿ ಸಿಂಪ್ಲಿಫೈ ಸೀಕ್ವೆನ್ಸ್ ಅಂತ ಇದೆ, ಅದು ಅರ್ಧ ಕೆಲಸ ಮಾಡಿಕೊಡುತ್ತದೆ, ಉಳಿದರ್ಧವನ್ನು ಕೈಯಿಂದ ಮಾಡಿ. ನೇರ ಕಟ್ ಇರುವ ಶಾಟ್‌ಗಳೆಲ್ಲ ಮೊದಲ ವಿಡಿಯೋ ಟ್ರ್ಯಾಕ್‌ನಲ್ಲಿ ಒಂದರ ಪಕ್ಕ ಒಂದು ಕೂತಿದ್ದರೆ ಕಲರ್ ಮಾಡುವವರು ನಿಮಗೆ ಮನಸಾರೆ ಥ್ಯಾಂಕ್ಸ್ ಹೇಳುತ್ತಾರೆ.

ಹಲವು ಕ್ಯಾಮೆರಾಗಳನ್ನು ಒಂದೇ ಕ್ಲಿಪ್ ಆಗಿ ಜೋಡಿಸುವ ಮಲ್ಟಿಕ್ಯಾಮ್ ಬಳಸಿದ್ದರೆ ಆ ಕ್ಲಿಪ್‌ಗಳನ್ನೆಲ್ಲ ಆರಿಸಿ ರೈಟ್ ಕ್ಲಿಕ್ ಮಾಡಿ, ಮಲ್ಟಿ ಕ್ಯಾಮೆರಾ ಅನ್ನುವಲ್ಲಿ ಫ್ಲಾಟನ್ ಒತ್ತಿ. ಆಗ ಪ್ರತಿ ಕಟ್ ನೇರವಾಗಿ ಮೂಲ ಕ್ಯಾಮೆರಾದ ಫೈಲನ್ನೇ ತೋರಿಸುತ್ತದೆ. ನೆಸ್ಟ್ ಮಾಡಿದ್ದನ್ನೂ, ಅಂದರೆ ಒಂದು ಸೀಕ್ವೆನ್ಸ್ ಒಳಗೆ ಇಟ್ಟ ಇನ್ನೊಂದನ್ನೂ, ಹಾಗೇ ಬಿಚ್ಚಿ. ಆಡಿಯೋ ವಿಡಿಯೋ ಜೋಡಿಸಿ ಮಾಡುವ ಮರ್ಜ್ ಕ್ಲಿಪ್ ಇದೆಯಲ್ಲ, ಅದು ಸಾಗಿಸುವಾಗ ತುಂಬಾ ತೊಂದರೆ ಕೊಡುತ್ತದೆ. ಮುಂದಿನ ಪ್ರಾಜೆಕ್ಟ್‌ನಿಂದ ಅದರ ಬದಲು ಟೈಮ್‌ಲೈನ್ ಮೇಲೆಯೇ ಸಿಂಕ್ ಮಾಡಿಕೊಳ್ಳಿ.

ಎಫೆಕ್ಟ್‌ಗಳಲ್ಲಿ ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ? ಲುಮೆಟ್ರಿ ಕಲರ್ ಹೋಗುವುದಿಲ್ಲ. ಹೇಗೂ ಅಲ್ಲಿ ಹೊಸದಾಗಿ ಕಲರ್ ಮಾಡುತ್ತಾರೆ, ಆದ್ದರಿಂದ ಸುಮ್ನೆ ತೆಗೆದುಬಿಡಿ. ವಾರ್ಪ್ ಸ್ಟೆಬಿಲೈಸರ್ ಹೋಗುವುದಿಲ್ಲ. ಹೊರಗಿನ ಪ್ಲಗಿನ್ ಯಾವುದೂ ಹೋಗುವುದಿಲ್ಲ. ಹಲವು ಶಾಟ್‌ಗಳ ಮೇಲೆ ಒಟ್ಟಿಗೆ ಎಫೆಕ್ಟ್ ಹಾಕುವ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಅಳಿಸಿ. ಅಲುಗಾಡುವ ಶಾಟನ್ನು ಸ್ಟೆಬಿಲೈಸ್ ಮಾಡಿದ್ದರೆ ಎರಡು ದಾರಿ: ರಿಸಾಲ್ವ್‌ನಲ್ಲಿ ಮತ್ತೆ ಮಾಡುವುದು, ಇಲ್ಲವೇ ಇಲ್ಲೇ ರೆಂಡರ್ ಅಂಡ್ ರಿಪ್ಲೇಸ್ ಮಾಡಿ ಒಳ್ಳೆ ಗುಣಮಟ್ಟದ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಫೈಲ್ ಮಾಡಿಕೊಳ್ಳುವುದು. ರೆಂಡರ್ ಮಾಡುವ ಮುಂಚೆ ಆ ಶಾಟ್ ಮೇಲಿನ ಕಲರ್ ತೆಗೆದಿದ್ದೀರಾ ನೋಡಿ, ಇಲ್ಲದಿದ್ದರೆ ಹಳೆಯ ಕಲರ್ ಅದರೊಳಗೆ ಬೆಂದುಹೋಗುತ್ತದೆ. ಸ್ಪೀಡ್ ರಾಂಪ್‌ಗೂ ಇದೇ ದಾರಿ. 50 ಪರ್ಸೆಂಟ್ ಸ್ಲೋ ಮೋಷನ್‌ನಂಥ ಒಂದೇ ವೇಗ ಸಾಗುತ್ತದೆ, ಆದರೆ ನಿಧಾನ ಶುರುವಾಗಿ ಜೋರಾಗುವಂಥದ್ದನ್ನು ನಾನು ನಂಬುವುದಿಲ್ಲ.

ಸ್ಕೇಲ್ ವಿಷಯದಲ್ಲಿ ಒಂದು ಎಚ್ಚರಿಕೆ. 4ಕೆ ಕ್ಲಿಪ್ಪನ್ನು 1080ರ ಸೀಕ್ವೆನ್ಸ್‌ಗೆ ಹಾಕಿದಾಗ ಪ್ರೀಮಿಯರ್‌ನಲ್ಲಿ ಎರಡು ಆಯ್ಕೆ ಇವೆ, ಸ್ಕೇಲ್ ಟು ಫ್ರೇಮ್ ಸೈಜ್ ಮತ್ತು ಸೆಟ್ ಟು ಫ್ರೇಮ್ ಸೈಜ್. ನೋಡಲು ಎರಡೂ ಒಂದೇ. ಆದರೆ ಎರಡನೆಯದು ಮೋಷನ್‌ನಲ್ಲಿ 50 ಅಂತ ಅಂಕಿ ಬರೆದಿಡುತ್ತದೆ, ಮೊದಲನೆಯದು ಬರೆಯುವುದಿಲ್ಲ. ಒಂದು ಟೈಮ್‌ಲೈನ್‌ನಲ್ಲಿ ಎರಡನ್ನೂ ಬೆರೆಸಿದರೆ ಆ ಕಡೆ ಕೆಲವು ಶಾಟ್ ಸರಿ, ಕೆಲವು ಚಿಕ್ಕದು, ಕೆಲವು ದೊಡ್ಡದು ಆಗಿ ಕಾಣುತ್ತವೆ, ಒಂದೊಂದನ್ನೂ ಕೈಯಿಂದ ಸರಿಮಾಡಬೇಕಾಗುತ್ತದೆ. ಯಾವುದಾದರೂ ಒಂದನ್ನೇ ಬಳಸಿ.

ಕನ್ನಡ ಟೈಟಲ್‌ಗಳು

ಇದಕ್ಕೆ ಬೇರೆ ಜಾಗ ಕೊಡುತ್ತೇನೆ, ಯಾಕೆಂದರೆ ನಾವು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ.

ಪ್ರೀಮಿಯರ್‌ನಲ್ಲಿ ಟೈಪ್ ಮಾಡಿದ ಟೈಟಲ್‌ಗಳನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ಅಕ್ಷರವಾಗಿ ಮತ್ತೆ ತಿದ್ದುವ ಹಾಗೆ ಎಕ್ಸ್‌ಎಂಎಲ್ ಒಯ್ಯುವುದಿಲ್ಲ. ಹೆಸರು, ಊರು, ಭಾಗವತರ ಪರಿಚಯ, ಕೊನೆಯ ಕೃತಜ್ಞತೆ ಎಲ್ಲ ಅಲ್ಲಿ ಮತ್ತೆ ಟೈಪ್ ಮಾಡೋಣ ಅಂದರೆ ಇನ್ನೊಂದು ಕಷ್ಟ. ನೀವು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆಸ್ಕಿ ಫಾಂಟ್. ಕಾಪಿ ಮಾಡಿ ಬೇರೆ ಕಂಪ್ಯೂಟರಿನಲ್ಲಿ ಪೇಸ್ಟ್ ಮಾಡಿದರೆ, ಆ ಫಾಂಟ್ ಅಲ್ಲಿ ಇಲ್ಲದಿದ್ದರೆ, ಬರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೂ ಒತ್ತಕ್ಷರದ ಕಡೆ ಕಣ್ಣಿಡಬೇಕು. ಪ್ರೀಮಿಯರ್‌ನಲ್ಲೇ, ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸದಿದ್ದರೆ ಯಕ್ಷಗಾನದ ಕ್ಷ ಒಡೆದು ಕ, ಅದರ ಮೇಲೊಂದು ಅರ್ಧಚಿಹ್ನೆ, ಪಕ್ಕದಲ್ಲೊಂದು ಷ ಆಗಿ ನಿಲ್ಲಬಹುದು. ಕಲರ್ ಮಾಡುವವರಿಗೆ ಕನ್ನಡ ಓದಲು ಬರದಿದ್ದರೆ ತಪ್ಪಾಗಿದೆ ಅಂತ ಅವರಿಗೆ ಗೊತ್ತೂ ಆಗುವುದಿಲ್ಲ, ಅಲ್ವಾ? ಒಬ್ಬ ಕಲಾವಿದರ ಹೆಸರು ಅವರದೇ ಚಿತ್ರದಲ್ಲಿ ಒಡೆದ ಅಕ್ಷರದಲ್ಲಿ ಕಂಡರೆ ಮನಸ್ಸಿಗೆ ತುಂಬಾ ನೋವಾಗುತ್ತದೆ.

ನಾನು ಮಾಡುವುದು ಹೀಗೆ. ಪ್ರೀಮಿಯರ್‌ನಲ್ಲಿ ಟೈಟಲ್ ಟ್ರ್ಯಾಕ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡುತ್ತೇನೆ. ಚಿತ್ರದ ಮೊದಲ ಫ್ರೇಮಿನಿಂದ ಕೊನೆಯವರೆಗೆ, ಪೂರ್ತಿ 22 ನಿಮಿಷ, ಪ್ರೋರೆಸ್ 4444ರಲ್ಲಿ ಆಲ್ಫಾ ಸಮೇತ ಎಕ್ಸ್‌ಪೋರ್ಟ್ ಮಾಡುತ್ತೇನೆ. ಹಿನ್ನೆಲೆ ಪಾರದರ್ಶಕ, ಅಕ್ಷರ ಮಾತ್ರ ಇರುವ ಒಂದೇ ಫೈಲ್. ಆ ಕಡೆ ಅದನ್ನು ಟೈಮ್‌ಲೈನ್‌ನ ಶುರುವಿಗೆ, ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ಗೆ ಇಟ್ಟರೆ ಮುಗಿಯಿತು, ಎಲ್ಲ ಹೆಸರೂ ಅದರ ಅದರ ಜಾಗದಲ್ಲಿ ಬಂದು ಕೂರುತ್ತದೆ. ಸಬ್‌ಟೈಟಲ್ ಮಾತ್ರ ಹೀಗೆ ಮಾಡಬೇಡಿ, ಅದನ್ನು ಎಸ್‌ಆರ್‌ಟಿ ಫೈಲಾಗಿ, ಯೂನಿಕೋಡ್‌ನಲ್ಲಿ, ಯುಟಿಎಫ್ 8 ಆಗಿ ಸೇವ್ ಮಾಡಿ ಬೇರೆಯಾಗಿ ಕೊಡಿ.

ಫೈಲ್ ಹೆಸರುಗಳು ಮತ್ತು ಫ್ರೇಮ್ ರೇಟ್

ಚೌಕಿಯ ಶಾಟ್ ಬದಲಾದದ್ದು ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು. ಕ್ಯಾಮೆರಾಗಳು ಪ್ರತಿ ಹೊಸ ಕಾರ್ಡ್‌ಗೂ ಸಿ0001ರಿಂದ ಎಣಿಕೆ ಶುರು ಮಾಡಬಹುದು. ಮೂರು ಕ್ಯಾಮೆರಾ, ನಾಲ್ಕು ನಾಲ್ಕು ಕಾರ್ಡ್ ಅಂದರೆ ಸಿ0001 ಅನ್ನುವ ಹೆಸರಿನ ಫೈಲೇ 12 ಇರಬಹುದು. ಪ್ರೀಮಿಯರ್‌ಗೆ ಅದು ಯಾವ ಫೋಲ್ಡರಿನದ್ದು ಅಂತ ಗೊತ್ತಿತ್ತು. ಆ ಕಡೆಯ ಕಂಪ್ಯೂಟರಿನಲ್ಲಿ ಡ್ರೈವ್ ಬೇರೆ, ಫೋಲ್ಡರ್ ಬೇರೆ, ಹಾಗಾಗಿ ಹೆಸರು ಹೊಂದಿದ್ದನ್ನು ತಂದು ಜೋಡಿಸಿತು.

ಆದ್ದರಿಂದ ಕಾರ್ಡಿನಿಂದ ಕಾಪಿ ಮಾಡಿದ ದಿನವೇ, ಪ್ರೀಮಿಯರ್ ತೆರೆಯುವ ಮೊದಲೇ, ಹೆಸರು ಬದಲಿಸಿ: ಕ್ಯಾಮೆರಾ ಎ, ಕಾರ್ಡ್ 02, ಕ್ಲಿಪ್ 0001 ಅಂತ ಓದಲು ಬರುವ ಹಾಗೆ. ಕಾರ್ಡ್‌ನ ಪೂರ್ತಿ ಫೋಲ್ಡರ್ ರಚನೆ ಬೇಡುವ ಕ್ಯಾಮೆರಾ ಆಗಿದ್ದರೆ ಫೈಲ್ ಹೆಸರು ಮುಟ್ಟದೆ ಫೋಲ್ಡರಿಗಾದರೂ ಸ್ಪಷ್ಟ ಹೆಸರಿಡಿ. ಎಡಿಟ್ ಶುರುವಾದ ಮೇಲೆ ಹೆಸರು ಬದಲಿಸಿದರೆ ಲಿಂಕ್‌ಗಳೆಲ್ಲ ಕಡಿದುಹೋಗುತ್ತವೆ. ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇರಲಿ, ನಡುವೆ ಸ್ಪೇಸ್ ಬದಲು ಅಂಡರ್‌ಸ್ಕೋರ್ ಹಾಕಿ. ಕನ್ನಡದ ಮೇಲೆ ಎಷ್ಟು ಪ್ರೀತಿ ಇದ್ದರೂ ಇಲ್ಲಿ ಬೇಡ, ಬೇರೆ ಬೇರೆ ಸಾಫ್ಟ್‌ವೇರ್ ಅದನ್ನು ಬೇರೆ ಬೇರೆ ರೀತಿ ಓದಿದರೆ ಲಿಂಕ್ ಸಿಗುವುದಿಲ್ಲ.

ಚೆಂಡೆಯ ಸಿಂಕ್ ಹೋದದ್ದು ಮೊಬೈಲ್ ಕ್ಲಿಪ್‌ನಿಂದ. ಮೊಬೈಲ್‌ಗಳು ಸಾಮಾನ್ಯವಾಗಿ ಒಂದೇ ಸಮನಾದ ಫ್ರೇಮ್ ರೇಟಿನಲ್ಲಿ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ರೆಕಾರ್ಡ್ ಮಾಡುವುದಿಲ್ಲ, ಬೆಳಕು ಕಡಿಮೆಯಾದರೆ, ಪ್ರೊಸೆಸರ್ ಬಿಸಿಯಾದರೆ ರೇಟ್ ಸ್ವಲ್ಪ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಾ ಹೋಗುತ್ತದೆ. ಒಂದೊಂದು ಸಾಫ್ಟ್‌ವೇರ್ ಇದನ್ನು ಒಂದೊಂದು ರೀತಿ ಎಣಿಸುತ್ತದೆ. ಇಲ್ಲಿ ಸರಿ ಇದ್ದದ್ದು ಅಲ್ಲಿ ಜಾರುತ್ತದೆ. ಮೀಡಿಯಾಇನ್ಫೋ ಅನ್ನುವ ಉಚಿತ ಟೂಲ್‌ನಲ್ಲಿ ಕ್ಲಿಪ್ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯಬಲ್ ಅಂತ ಇದ್ದರೆ, ಎಡಿಟ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಆರಿಸಿ, ನಿಮ್ಮ ಸೀಕ್ವೆನ್ಸ್‌ನ ರೇಟಿಗೇ ಬದಲಿಸಿ, ಆ ಹೊಸ ಫೈಲನ್ನೇ ಎಡಿಟ್‌ಗೆ ಬಳಸಿ.

ಸೀಕ್ವೆನ್ಸ್‌ನ ರೇಟ್ ಕೂಡ ಬರೆದಿಟ್ಟುಕೊಳ್ಳಿ. 24 ಅಂತ ಬಾಯಲ್ಲಿ ಹೇಳುತ್ತೇವೆ, ಸೆಟಿಂಗ್‌ನಲ್ಲಿ 23.976 ಇರುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಒಂದು ಗಂಟೆಗೆ ಸುಮಾರು 3.6 ಸೆಕೆಂಡ್ ಜಾರುತ್ತದೆ. 22 ನಿಮಿಷದ ಚಿತ್ರದಲ್ಲೂ ಕೊನೆಗೆ ಬರುವಷ್ಟರಲ್ಲಿ ಒಂದು ಸೆಕೆಂಡ್‌ಗೂ ಹೆಚ್ಚು. ಟಿವಿಗೆ ಮಾಡುವವರು 25ರಲ್ಲಿ ಇರುತ್ತಾರೆ. ಕಲರ್‌ಗೂ ಸೌಂಡ್‌ಗೂ ಒಂದೇ ಅಂಕಿ ಕೊಡಿ, ಫೋನಿನಲ್ಲಿ ಅಲ್ಲ, ಬರೆದು ಕೊಡಿ.

ಕಳಿಸುವುದು

ಇದು ಐದು ನಿಮಿಷದ ಕೆಲಸ. ಕಾಪಿ ಸೀಕ್ವೆನ್ಸನ್ನು ಆರಿಸಿ, ಫೈಲ್ ಮೆನು, ಎಕ್ಸ್‌ಪೋರ್ಟ್, ಫೈನಲ್ ಕಟ್ ಪ್ರೋ ಎಕ್ಸ್‌ಎಂಎಲ್. ಯಾವುದು ಸಾಗಲಿಲ್ಲ ಅನ್ನುವ ಒಂದು ವರದಿಯ ಟೆಕ್ಸ್ಟ್ ಫೈಲ್ ಕೂಡ ಪಕ್ಕದಲ್ಲಿ ಬಂದರೆ ಅದನ್ನು ಮುಚ್ಚಿಬಿಡಬೇಡಿ, ಒಂದು ಸಲ ಓದಿ.

ಆಮೇಲೆ ರೆಫರೆನ್ಸ್ ವಿಡಿಯೋ. ಇದನ್ನು ಮರೆಯಲೇಬೇಡಿ. ಮೂಲ ಸೀಕ್ವೆನ್ಸನ್ನು, ಎಲ್ಲ ಎಫೆಕ್ಟ್, ಟೈಟಲ್, ಸೌಂಡ್ ಸಮೇತ, ಅದೇ ಫ್ರೇಮ್ ರೇಟಿನಲ್ಲಿ ಒಂದು ಸಾಮಾನ್ಯ ಎಚ್.264 ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಸೆಟಿಂಗ್‌ನ ಎಫೆಕ್ಟ್ಸ್ ಭಾಗದಲ್ಲಿ ಟೈಮ್‌ಕೋಡ್ ಓವರ್‌ಲೇ ಇದೆ, ಅದನ್ನು ಆನ್ ಮಾಡಿ ಒಂದು ಮೂಲೆಗೆ ಇಡಿ. ಚೀಟಿಯಲ್ಲಿ ಬರೆಯಲಾಗದ್ದೆಲ್ಲ ಈ ವಿಡಿಯೋದಲ್ಲಿ ಕಣ್ಣಿಗೆ ಕಾಣುತ್ತದೆ.

ಹಾರ್ಡ್ ಡಿಸ್ಕ್‌ನಲ್ಲಿ ಹೋಗಬೇಕಾದ್ದು: ಎಕ್ಸ್‌ಎಂಎಲ್, ರೆಫರೆನ್ಸ್, ಟೈಟಲ್ ಫೈಲ್, ರೆಂಡರ್ ಮಾಡಿದ ಶಾಟ್‌ಗಳು, ಮತ್ತು ಮೂಲ ಫುಟೇಜ್. ಪ್ರಾಕ್ಸಿ, ಅಂದರೆ ಎಡಿಟ್‌ಗೆ ಮಾಡಿಕೊಂಡ ಹಗುರ ಕಾಪಿ ಅಲ್ಲ, ಮೂಲ. ಫುಟೇಜ್ ತುಂಬಾ ಇದ್ದರೆ ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್‌ನಿಂದ ಬಳಸಿದ ಫೈಲ್‌ಗಳನ್ನಷ್ಟೇ ಒಂದು ಕಡೆ ಕಾಪಿ ಮಾಡಬಹುದು.

ರಿಸಾಲ್ವ್ ಕಡೆ

ಹೊಸ ಪ್ರಾಜೆಕ್ಟ್ ತೆರೆದ ತಕ್ಷಣ, ಒಂದೇ ಒಂದು ಕ್ಲಿಪ್ ತರುವ ಮುಂಚೆ, ಪ್ರಾಜೆಕ್ಟ್ ಸೆಟಿಂಗ್ಸ್‌ಗೆ ಹೋಗಿ ಟೈಮ್‌ಲೈನ್ ಫ್ರೇಮ್ ರೇಟ್ ಹಾಕಿ. ಮೀಡಿಯಾ ಒಳಗೆ ಬಂದ ಮೇಲೆ ಪ್ರಾಜೆಕ್ಟ್‌ನ ಈ ರೇಟ್ ಬದಲಿಸಲು ಅದು ಬಿಡುವುದಿಲ್ಲ. ಆಮೇಲೆ ಫೈಲ್, ಇಂಪೋರ್ಟ್, ಟೈಮ್‌ಲೈನ್, ಅಲ್ಲಿ ಎಕ್ಸ್‌ಎಂಎಲ್ ಆರಿಸಿ. ಒಂದು ಚಿಕ್ಕ ವಿಂಡೋ ಬರುತ್ತದೆ. ಅದರಲ್ಲಿ ಫ್ರೇಮ್ ರೇಟ್ ನಿಮ್ಮದೇ ಇದೆಯಾ ನೋಡಿ. ಸೈಜಿಂಗ್ ಮಾಹಿತಿ ಬಳಸು ಅನ್ನುವುದು ಆನ್ ಇರಲಿ. ಮೂಲ ಕ್ಲಿಪ್‌ಗಳನ್ನು ತಾನಾಗೇ ತರುವ ಆಯ್ಕೆಯೂ ಇದೆ, ಫೈಲ್ ಹೆಸರುಗಳು ಒಂದಕ್ಕೊಂದು ಬೇರೆ ಇದ್ದರೆ ಅದನ್ನು ಆನ್ ಇಟ್ಟರೆ ಸಾಕು, ಸಿಗದಿದ್ದಾಗ ಫೋಲ್ಡರ್ ಎಲ್ಲಿದೆ ಅಂತ ಕೇಳುತ್ತದೆ. ಹೆಸರುಗಳು ಒಂದೇ ಇದ್ದರೆ ಅದನ್ನು ಆಫ್ ಮಾಡಿ, ಮೊದಲೇ ಬೇಕಾದ ಫೋಲ್ಡರ್‌ಗಳನ್ನಷ್ಟೇ ನೀವೇ ಮೀಡಿಯಾ ಪೂಲ್‌ಗೆ ತನ್ನಿ.

ಟೈಮ್‌ಲೈನ್ ತೆರೆದಾಗ ಎಲ್ಲ ಚಿತ್ರವೂ ಅರ್ಧ ಸೈಜಿಗೆ ಇಳಿದಿದ್ದರೆ ಅಥವಾ ಝೂಮ್ ಆಗಿದ್ದರೆ ಹೆದರಬೇಡಿ. ಪ್ರಾಜೆಕ್ಟ್ ಸೆಟಿಂಗ್ಸ್‌ನ ಇಮೇಜ್ ಸ್ಕೇಲಿಂಗ್‌ನಲ್ಲಿ, ಅಳತೆ ಹೊಂದದ ಕ್ಲಿಪ್‌ಗಳನ್ನು ಏನು ಮಾಡಬೇಕು ಅನ್ನುವ ಆಯ್ಕೆ ಇದೆ. ಪೂರ್ತಿ ಹೊಂದಿಸು ಮತ್ತು ಅಳತೆ ಬದಲಿಸದೆ ನಡುವಿನದ್ದನ್ನು ತೋರಿಸು, ಇವೆರಡರಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿ. ಎಡಿಟ್‌ನಲ್ಲಿ ಒಂದೇ ಕ್ರಮ ಪಾಲಿಸಿದ್ದರೆ ಎಲ್ಲ ಶಾಟ್‌ಗಳೂ ಒಟ್ಟಿಗೆ ಸರಿಹೋಗುತ್ತವೆ.

ಉಚಿತ ರಿಸಾಲ್ವ್ ಬಳಸುವವರು ನೆನಪಿಡಬೇಕಾದ್ದು ಎರಡು. ಅದರಿಂದ ಹೊರಗೆ ಬರುವ ವಿಡಿಯೋ 3840 ಇಂಟು 2160ಕ್ಕಿಂತ ದೊಡ್ಡದಿರುವುದಿಲ್ಲ. ಲಿನಕ್ಸ್‌ನಲ್ಲಿ ಉಚಿತ ಆವೃತ್ತಿ ಎಚ್.264 ಕ್ಲಿಪ್‌ಗಳನ್ನು ಓದುವುದಿಲ್ಲ, ಮೊದಲೇ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿಕೊಳ್ಳಬೇಕು.

ಹೋಲಿಸಿ ನೋಡದೆ ಮುಂದೆ ಹೋಗಬೇಡಿ

ರೆಫರೆನ್ಸ್ ವಿಡಿಯೋವನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕಿನಲ್ಲಿ ಇಡಿ. ಶುರುವಿನ ಫ್ರೇಮ್ ಸರಿಯಾಗಿ ಹೊಂದಿಸಿ. ಇನ್‌ಸ್ಪೆಕ್ಟರ್‌ನಲ್ಲಿ ಅದರ ಕಾಂಪೊಸಿಟ್ ಮೋಡನ್ನು ಡಿಫರೆನ್ಸ್ ಮಾಡಿ. ಮೇಲಿನದೂ ಕೆಳಗಿನದೂ ಒಂದೇ ಆದ ಕಡೆ ಪರದೆ ಕಪ್ಪಾಗುತ್ತದೆ. ನೀವು ಕಲರ್ ತೆಗೆದಿದ್ದರಿಂದ ಪೂರ್ತಿ ಕಪ್ಪು ಬರುವುದಿಲ್ಲ, ಮಬ್ಬಾದ ನೆರಳು ಇರುತ್ತದೆ, ಅದು ಪರವಾಗಿಲ್ಲ. ಆದರೆ ವೇಷದ ಕಿರೀಟದ ಅಂಚು ಎರಡೆರಡಾಗಿ ಬಿಳಿ ಗೆರೆಯಂತೆ ಹೊಳೆದರೆ ಅಲ್ಲಿ ಸ್ಕೇಲ್ ಅಥವಾ ಜಾಗ ತಪ್ಪಿದೆ. ಎರಡು ಬೇರೆ ಚಿತ್ರ ಒಂದರ ಮೇಲೊಂದು ಕಂಡರೆ ಶಾಟೇ ತಪ್ಪು. ಕಟ್ ಬರುವ ಜಾಗದಲ್ಲಿ ಒಂದು ಫ್ರೇಮ್ ಮಾತ್ರ ಮಿಂಚಿ ಹೋದರೆ ಕಟ್ ಒಂದು ಫ್ರೇಮ್ ಆಚೀಚೆ ಆಗಿದೆ.

ಇಡೀ ಚಿತ್ರವನ್ನು ಹೀಗೆ ಒಂದು ಸಲ ನೋಡಿ. 22 ನಿಮಿಷದ್ದಕ್ಕೆ ನನಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ತಪ್ಪಿದ ಕಡೆ ನಿಂತು ಮಾರ್ಕರ್ ಹಾಕುತ್ತಾ ಹೋಗುತ್ತೇನೆ.

ಆಮೇಲೆ ಡಿಫರೆನ್ಸ್ ಆಫ್ ಮಾಡಿ, ರೆಫರೆನ್ಸಿನ ಸೌಂಡ್ ಮಾತ್ರ ಆನ್ ಇಟ್ಟು, ಪೆಟ್ಟು ಕಾಣುವ ಶಾಟ್‌ಗಳನ್ನು ನೋಡಿ. ನಮ್ಮ ಚಿತ್ರದಲ್ಲಿ ಅದು ಚೆಂಡೆ. ಕೋಲು ಚರ್ಮಕ್ಕೆ ತಾಗುವ ಫ್ರೇಮಿನಲ್ಲೇ ಸದ್ದು ಬರಬೇಕು. ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ: ಕೋಲು ಮೇಲಿದೆ, ಕೋಲು ಮಸುಕಾಗಿ ಇಳಿಯುತ್ತಿದೆ, ತಾಗಿತು, ವೇವ್‌ಫಾರ್ಮ್ ಎದ್ದಿತು. ಒಂದು ವಿಷಯ ಇಲ್ಲಿ ಹೇಳಬೇಕು. ಪ್ರೇಕ್ಷಕರ ಹಿಂದೆ ದೂರದಲ್ಲಿಟ್ಟ ಕ್ಯಾಮೆರಾದ ಮೈಕಿಗೆ ಸದ್ದು ತಡವಾಗಿ ತಲುಪುತ್ತದೆ. 34 ಮೀಟರ್ ದೂರಕ್ಕೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ, 25ರ ರೇಟಿನಲ್ಲಿ ಎರಡೂವರೆ ಫ್ರೇಮ್. ಸದ್ದು ನೋಡಿ ತಾನಾಗೇ ಸಿಂಕ್ ಮಾಡಿಸಿದ್ದರೆ ಆ ಕ್ಯಾಮೆರಾದ ಚಿತ್ರ ಅಷ್ಟು ತಪ್ಪಾಗಿರುತ್ತದೆ, ಅದನ್ನು ನೀವು ಎಡಿಟ್‌ನಲ್ಲಿ ಕೈಯಿಂದ ಎರಡು ಫ್ರೇಮ್ ಸರಿಸಿ ಸರಿಮಾಡಿರುತ್ತೀರಿ. ಆ ಸರಿಸಿದ್ದು ಹಾಗೇ ಬಂದಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಸೌಂಡ್‌ಗೆ

ಸೌಂಡ್ ಮಾಡುವವರಿಗೆ ಪ್ರೀಮಿಯರ್‌ನಿಂದ ಎಎಎಫ್ ಕೊಡಿ. ಹಳೆಯ ಓಎಂಎಫ್ ಕೂಡ ಇದೆ, ಆದರೆ ಅದರ ಫೈಲ್ 2 ಜಿಬಿ ದಾಟುವ ಹಾಗಿಲ್ಲ, ಅದನ್ನೇ ಬೇಕು ಅಂತ ಕೇಳಿದರೆ ಮಾತ್ರ ಕೊಡಿ. ಕೊಡುವ ಮುಂಚೆ ಟ್ರ್ಯಾಕ್ ವಿಂಗಡಿಸಿ, ಮಾತು ಮೇಲೆ, ಹಿನ್ನೆಲೆ ಸದ್ದು ನಡುವೆ, ಸಂಗೀತ ಕೆಳಗೆ. ಎಎಎಫ್ ವಿಂಡೋದಲ್ಲಿ 48000 ಹರ್ಟ್ಸ್ ಆರಿಸಿ, ಆಡಿಯೋವನ್ನು ಟ್ರಿಮ್ ಮಾಡುವುದಾದರೆ ಪ್ರತಿ ಕ್ಲಿಪ್‌ನ ಎರಡೂ ಬದಿಗೆ ಹ್ಯಾಂಡಲ್, ಅಂದರೆ ಕಟ್‌ನಿಂದಾಚೆಯ ಸ್ವಲ್ಪ ಹೆಚ್ಚುವರಿ ಭಾಗ, ಬಿಡಿ, ನಾನು 5 ಸೆಕೆಂಡಿನಷ್ಟು ಬಿಡುತ್ತೇನೆ. ಹ್ಯಾಂಡಲ್ ಇಲ್ಲದಿದ್ದರೆ ಒಂದು ಮಾತಿನಿಂದ ಇನ್ನೊಂದಕ್ಕೆ ಮೃದುವಾಗಿ ಸೇರಿಸಲು ಅವರ ಹತ್ತಿರ ಏನೂ ಉಳಿದಿರುವುದಿಲ್ಲ. ವಾಲ್ಯೂಮ್ ಹೋಗುತ್ತದೆ, ಆಡಿಯೋ ಎಫೆಕ್ಟ್‌ಗಳು ಹೋಗುವುದಿಲ್ಲ.

ಚಿತ್ರ ಶುರುವಾಗುವ ಸರಿಯಾಗಿ 2 ಸೆಕೆಂಡ್ ಮೊದಲು ಒಂದೇ ಫ್ರೇಮಿನ ಬೀಪ್ ಇಡಿ, ರೆಫರೆನ್ಸ್‌ನಲ್ಲೂ ಎಎಎಫ್‌ನಲ್ಲೂ. ಮಿಕ್ಸ್ ಆಗಿ ವಾಪಸ್ ಬಂದ ಫೈಲಿನಲ್ಲಿ ಆ ಬೀಪ್ ನಿಮ್ಮ ಬೀಪ್‌ನ ಕೆಳಗೇ ಕೂತರೆ ಶುರು ಸರಿ. ಕೊನೆಯ ಫ್ರೇಮಿನ 2 ಸೆಕೆಂಡ್ ನಂತರವೂ ಇನ್ನೊಂದು ಬೀಪ್ ಇಟ್ಟರೆ ಫ್ರೇಮ್ ರೇಟ್ ಜಾರಿದೆಯಾ ಅನ್ನುವುದೂ ಗೊತ್ತಾಗುತ್ತದೆ.

ಎಕ್ಸ್‌ಎಂಎಲ್ ಕೊಡದ ಆ್ಯಪ್ ಆಗಿದ್ದರೆ

ಮೊಬೈಲ್ ಆ್ಯಪ್‌ನಲ್ಲಿ ಎಡಿಟ್ ಮಾಡಿ, ಅದರಲ್ಲಿ ಇಂಥ ಎಕ್ಸ್‌ಪೋರ್ಟ್ ಇಲ್ಲದಿದ್ದರೆ ಟೈಟಲ್, ಫಿಲ್ಟರ್, ಟ್ರಾನ್ಸಿಷನ್ ಎಲ್ಲ ತೆಗೆದು ಆ್ಯಪ್ ಕೊಡುವ ಅತ್ಯುತ್ತಮ ಗುಣಮಟ್ಟದಲ್ಲಿ ಒಂದೇ ವಿಡಿಯೋ ಮಾಡಿ. ರಿಸಾಲ್ವ್‌ನ ಸೀನ್ ಕಟ್ ಡಿಟೆಕ್ಷನ್‌ಗೆ ಅದನ್ನು ಕೊಟ್ಟರೆ ಕಟ್ ಇರುವ ಕಡೆ ತಾನೇ ಹುಡುಕಿ ತುಂಡು ಮಾಡುತ್ತದೆ, ಪ್ರೀಮಿಯರ್‌ನಲ್ಲೂ ಸೀನ್ ಎಡಿಟ್ ಡಿಟೆಕ್ಷನ್ ಅಂತ ಇದೆ. ವೇಗವಾಗಿ ಕ್ಯಾಮೆರಾ ತಿರುಗಿದ ಕಡೆ, ಫ್ಲ್ಯಾಷ್ ಬಿದ್ದ ಕಡೆ ತಪ್ಪು ಕಟ್ ಹಾಕಬಹುದು, ಕಣ್ಣಿನಿಂದ ತಿದ್ದಿ. ಮೂಲ ಫುಟೇಜಿನ ಗುಣಮಟ್ಟ ಇದರಲ್ಲಿ ಸಿಗುವುದಿಲ್ಲ, ಶಾಟ್ ಉದ್ದ ಮಾಡಲೂ ಆಗುವುದಿಲ್ಲ, ಆದರೆ ಕಲರ್‌ಗೆ ಸಾಕಾಗುತ್ತದೆ.

ವಾಪಸ್ ಬರುವಾಗ

ಕಲರ್ ಆದ ಮೇಲೆ ಪ್ರೀಮಿಯರ್‌ಗೆ ಮತ್ತೆ ತರಬೇಕಿದ್ದರೆ ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ಪ್ರೀಮಿಯರ್ ಎಕ್ಸ್‌ಎಂಎಲ್ ಅನ್ನುವ ಪ್ರಿಸೆಟ್ ಇದೆ. ಅದು ಪ್ರತಿ ಶಾಟನ್ನು ಬೇರೆ ಬೇರೆ ಫೈಲಾಗಿ ರೆಂಡರ್ ಮಾಡಿ, ಜೊತೆಗೆ ಒಂದು ಎಕ್ಸ್‌ಎಂಎಲ್ ಕೊಡುತ್ತದೆ. ಹ್ಯಾಂಡಲ್ 12 ಅಥವಾ 24 ಫ್ರೇಮ್ ಇಡಿಸಿ. ಕಟ್‌ನಲ್ಲಿ ಇನ್ನೇನೂ ಬದಲಾವಣೆ ಇಲ್ಲ ಅನ್ನುವುದು ಖಚಿತವಾಗಿದ್ದರೆ ಇಡೀ ಚಿತ್ರವನ್ನು ಒಂದೇ ಫೈಲಾಗಿ ತರುವುದೇ ಸಲೀಸು. ಅದನ್ನು ಟೈಟಲ್ ಇಲ್ಲದೆ ರೆಂಡರ್ ಮಾಡಿಸಿ, ಪ್ರೀಮಿಯರ್‌ನಲ್ಲಿ ನಿಮ್ಮ ಮೂಲ ಟೈಟಲ್ ಟ್ರ್ಯಾಕ್ ಅಡಿಯಲ್ಲಿ ಇಡಿ. ಆಗ ಕೊನೆ ಗಳಿಗೆಯಲ್ಲಿ ಯಾರದಾದರೂ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ಫೋನ್ ಬಂದರೂ, ಅಲ್ಲೇ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಬಹುದು.